ಬೂಸ್ಟು ಹಿಡಿದ ಮೂರು ಫ್ಲಾಪಿಗಳು

ಮೊನ್ನೆ ಅವ್ವನ ರಕ್ತ ಪರೀಕ್ಷೆಗೆಂದು ಪುತ್ತೂರಿನ ಒಂದು ಲ್ಯಾಬಿಗೆ ಹೋಗಿದ್ದೆವು. ನರ್ಸ್ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಅವ್ವನ ತೋಳನ್ನು ಒರೆಸಿದಳು. ಸೂಜಿ ಚುಚ್ಚಿದ್ದು ಅವ್ವನಿಗೆ, ಎದೆ ಹೊಡೆದುಕೊಂಡದ್ದು ನನಗೆ. ಸೂಜಿ ನೋಡಿ ಅಲ್ಲ, ಆ ವಾಸನೆಗೆ. ಎರಡು ವರ್ಷದ ಹಿಂದಿನ ಮಳೆಗಾಲ ಇಡೀ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದೇ ವಾಸನೆ ತುಂಬಿತ್ತು. ಅಷ್ಟು ಹೆದರಿಕೊಂಡು ನಾನು ಯಾವ ಮಳೆಗಾಲವನ್ನೂ ಕಳೆದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸ್ವಭಾವದಿಂದಲೇ ಪುಕ್ಕಲ. ಕುಂಬ್ರದಲ್ಲಿ ಇನ್ವರ್ಟರ್ ಮತ್ತು ಬ್ಯಾಟರಿ ರಿಪೇರಿಯ ಅಂಗಡಿ ಇಟ್ಟವನು ಕರೆಂಟಿಗೆ ಹೆದರುತ್ತಾನೆ ಎಂದರೆ ಜನ ನಗುತ್ತಾರೆ. ನಗಲಿ. ಕರೆಂಟಿಗೆ ಹೆದರದ ರಿಪೇರಿಯವರಲ್ಲಿ ಕೆಲವರು ಈಗ ಫೋಟೋದಲ್ಲಿದ್ದಾರೆ.

ಅವ್ವ ನನ್ನ ಹಾಗಲ್ಲ. ನಾವು ಮಂಡೆಕೋಲಿನವರು. ಅಲ್ಲಿ ಅವ್ವ ಅಂಗಳದಲ್ಲಿ ನಿಂತು ಕೂಗಿದರೆ ಗಡಿಯಾಚೆ ಕೇರಳದ ದನಗಳೂ ತಿರುಗಿ ನೋಡುತ್ತಿದ್ದವು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಮದುವೆ ಮನೆಗಳಲ್ಲಿ ಶೋಭಾನೆ ಹೇಳಲು ಅವಳನ್ನೇ ಕರೆಯುತ್ತಿದ್ದರು. ಅಪ್ಪ ಹೋದ ಮೇಲೆ ನನ್ನ ಜೊತೆ ಕುಂಬ್ರಕ್ಕೆ ಬಂದಳು. ಬಂದ ಒಂದು ತಿಂಗಳೊಳಗೆ ನಮ್ಮ ಸಾಲಿನ ಅಷ್ಟೂ ಮನೆಗಳಿಗೆ ಗುಡುಗಿನ ಸೂಚನೆ ಕೊಡುವ ಅಧಿಕಾರ ತಾನಾಗಿಯೇ ಅವಳ ಕೈಗೆ ಹೋಯಿತು. ನಮ್ಮ ಕಡೆಯ ಸಿಡಿಲನ್ನು ಕಂಡವರಿಗೆ ಇದು ಗೊತ್ತು. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಮಾಡುವ ಮೊದಲ ಕೆಲಸ ವಯರ್ ತೆಗೆಯುವುದು. ಟಿವಿ, ಫ್ರಿಜ್, ಮಿಕ್ಸಿ, ಮೋಡೆಮ್, ಗೋಡೆಗೆ ಚುಚ್ಚಿದ್ದೆಲ್ಲ ಹೊರಗೆ. ಫೋನಿನಲ್ಲಿ ಮಾತಾಡುತ್ತಿದ್ದವರು ಮಾತನ್ನು ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಆಚೆಯವರು ಬೇಸರ ಮಾಡಿಕೊಳ್ಳುವುದಿಲ್ಲ, ಅವರೂ ಅಷ್ಟೊತ್ತಿಗೆ ಓಡುತ್ತಿರುತ್ತಾರೆ. ಅವ್ವ ಜಗಲಿಯಿಂದ ಒಂದು ಸಲ ಕೂಗಿದರೆ ಸಾಲಿನ ಮನೆಗಳಲ್ಲೆಲ್ಲ ಪ್ಲಗ್ಗುಗಳು ಕಳಚಿಕೊಳ್ಳುತ್ತಿದ್ದವು.

ಆ ಗಂಟಲಿಗೇ ಕಾಯಿಲೆ ಬಂತು. ಮೊದಲು ಶೀತ ಅಂದುಕೊಂಡೆವು. ದನಿ ಒಡೆಯಿತು, ಆಮೇಲೆ ಬರೀ ಗಾಳಿಯಾಯಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಕತ್ತಿನಲ್ಲಿ ಉಸಿರಿಗೆ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರವನ್ನೂ ಕೊಡಿಸಿದ್ದೆವು. ಅವ್ವ ಅದನ್ನು ಒತ್ತಿ ಒಂದೇ ಒಂದು ಸಲ 'ಮಗಾ' ಎಂದಳು. ಬಂದ ದನಿಗೆ ಅವಳೇ ಬೆಚ್ಚಿಬಿದ್ದು ಯಂತ್ರವನ್ನು ಕಪಾಟಿಗೆ ಹಾಕಿದಳು. ಅಲ್ಲಿಂದ ಮೇಲೆ ನಮ್ಮ ಮನೆಯಲ್ಲಿ ಚಪ್ಪಾಳೆಯೇ ಭಾಷೆ. ಒಂದು ತಟ್ಟಿದರೆ ಬಾ ಅಂತ. ಎರಡು ತಟ್ಟಿದರೆ ಊಟಕ್ಕೆ ಏಳು ಅಂತ. ಸ್ಟೀಲ್ ಲೋಟವನ್ನು ಮೇಜಿಗೆ ಕುಟ್ಟಿದರೆ ಸಿಟ್ಟು ಬಂದಿದೆ ಎಂದರ್ಥ.

ನನ್ನ ಹೆದರಿಕೆ ಶುರುವಾದದ್ದು ಒಂದು ಕನಸಿನಿಂದ. ಕನಸಿನಲ್ಲಿ ನಾನು ಚಿಕ್ಕವನು, ಮಂಡೆಕೋಲಿನ ತೋಡಿನ ನೀರಲ್ಲಿ ಆಡುತ್ತಿದ್ದೆ. ಅವ್ವ ಅಂಗಳದಿಂದ ನನ್ನನ್ನು ಕರೆದಳು. ಚಪ್ಪಾಳೆ ತಟ್ಟಿ ಕರೆದಳು. ಎದ್ದು ಕೂತೆ. ಅವ್ವನ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಜೋರಾಗಿತ್ತು ಎಂದು ಗೊತ್ತು, ಆದರೆ ಕಿವಿಯಲ್ಲಿ ಬರಲಿಲ್ಲ. ಮೊಬೈಲ್ ಹುಡುಕಿದರೆ ಫೋಟೋಗಳು ರಾಶಿ ಇದ್ದವು, ದನಿ ಇರಲಿಲ್ಲ. ನನ್ನ ಮದುವೆಯ ವಿಡಿಯೋದವನು ಅವಳ ಶೋಭಾನೆಯ ಮೇಲೆಯೇ ಸಿನಿಮಾ ಹಾಡು ಹಾಕಿದ್ದ. ದಿನವಿಡೀ ಕಿವಿಯ ಹತ್ತಿರವೇ ಇದ್ದ ದನಿಯನ್ನು ಹಿಡಿದಿಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಆಗ ನೆನಪಾದದ್ದು ಮಾವನ ಕಂಪ್ಯೂಟರು. ಅವ್ವನ ತಮ್ಮ ಗಲ್ಫಿನಿಂದ ಬರುವಾಗ ನನಗೆಂದು ತಂದಿದ್ದ ಮನೆ ಕಂಪ್ಯೂಟರು ಅದು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ, ಬದಿಯಲ್ಲಿ ಫ್ಲಾಪಿ ನುಂಗುವ ಬಾಯಿ, ನೋಡಲು ಟಿವಿಗೆ ಜೋಡಿಸಬೇಕು. ಮೈಕಿನ ಒಂದು ಸಣ್ಣ ಪೆಟ್ಟಿಗೆಯನ್ನು ಹಿಂದೆ ಸಿಕ್ಕಿಸಿದರೆ ದನಿಯನ್ನೂ ಹಿಡಿಯುತ್ತಿತ್ತು, ಒಂದು ಫ್ಲಾಪಿಗೆ ಹೆಚ್ಚೆಂದರೆ ಒಂದು ನಿಮಿಷ. ಮಂಡೆಕೋಲಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಅವ್ವನನ್ನು ಕೂರಿಸಿ ಶೋಭಾನೆ ಹೇಳಿಸಿ ಮೂರು ಫ್ಲಾಪಿಗಳಿಗೆ ತುಂಬಿಸಿದ್ದೆ. ಹುಡುಕಿದೆ. ಅಟ್ಟದಲ್ಲಿ ಯಂತ್ರ, ಅದರ ಬದಿಯ ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಮೂರೂ ಫ್ಲಾಪಿ ಸಿಕ್ಕಿದವು. ಚೀಟಿಯ ಮೇಲೆ ನನ್ನದೇ ಸೊಟ್ಟ ಅಕ್ಷರ: ಅವ್ವನ ಹಾಡು. ಮುಚ್ಚಳ ಸರಿಸಿ ನೋಡಿದರೆ ಒಳಗಿನ ಕಂದು ತಟ್ಟೆಯ ಮೇಲೆಲ್ಲ ಬಿಳಿ ಬೂಸ್ಟು. ನಮ್ಮ ಮಳೆ ಚಪ್ಪಲಿಯನ್ನೂ ಬಿಡುವುದಿಲ್ಲ, ಫ್ಲಾಪಿಯನ್ನು ಬಿಡುತ್ತದೆಯೇ?

ಈಶ್ವರಮಂಗಲದ ರಝಾಕ್ ನನ್ನ ಜೊತೆ ಐಟಿಐ ಓದಿದವನು. ಹಳೆಯ ಕಂಪ್ಯೂಟರುಗಳ ಹುಚ್ಚು ಅವನಿಗೆ. ಫ್ಲಾಪಿಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ತಿರುಗಿಸಿ ನೋಡಿದ.

"ಇದನ್ನು ಈಗಿನ ಕಂಪ್ಯೂಟರಲ್ಲಿ ಓದ್ಲಿಕ್ಕೆ ಆಗುದಿಲ್ಲ ಲೋಕು, ಇದರ ಲೆಕ್ಕವೇ ಬೇರೆ. ಅದೇ ಮಷಿನಲ್ಲಿ ಓದ್ಬೇಕು. ಒಂದು ಸಲ ಓದಿದ್ರೆ ಓದಿತು. ಎರಡನೇ ಸಲಕ್ಕೆ ನಾನು ಗ್ಯಾರಂಟಿ ಕೊಡುದಿಲ್ಲ" ಎಂದ.

"ಮತ್ತೆ ಎಂತ ಮಾಡುದು?"

"ಮಷಿನಿಗೆ ಮೊದ್ಲು ಹಾರ್ಡ್ ಡಿಸ್ಕ್ ಹಾಕುದು. ಫ್ಲಾಪಿ ತಿರುಗುವಾಗ್ಲೇ ಓದಿದ್ದೆಲ್ಲ ಹೋಗಿ ಅಲ್ಲಿ ಕೂತ್ಕೊಳ್ಬೇಕು."

ಹಾರ್ಡ್ ಡಿಸ್ಕ್ ಎಂಬುದು ಆ ಯಂತ್ರದ ಜಾತಕದಲ್ಲೇ ಇರಲಿಲ್ಲ. ಆದರೆ ಪ್ರಪಂಚದಲ್ಲಿ ರಝಾಕನಂಥ ಹುಚ್ಚರು ಬಹಳ ಮಂದಿ ಇದ್ದಾರಂತೆ. ಅವರು ಅದಕ್ಕೊಂದು ಸಣ್ಣ ಬೋರ್ಡು ಮಾಡಿದ್ದಾರೆ. ಯಂತ್ರದ ತಲೆ ಎನ್ನಬಹುದಾದ ದೊಡ್ಡ ಚಿಪ್ಪನ್ನು ಕಿತ್ತು, ಆ ಜಾಗದಲ್ಲಿ ಬೋರ್ಡು ಕೂರಿಸಿ, ಚಿಪ್ಪನ್ನು ಬೋರ್ಡಿನ ಬೆನ್ನ ಮೇಲೆ ಕೂರಿಸಬೇಕು. ಬೋರ್ಡಿಗೆ ಕ್ಯಾಮೆರಾದ ಕಾರ್ಡಿನಂಥ ಒಂದು ಕಾರ್ಡು ಸಿಕ್ಕಿಸಿದರೆ ಯಂತ್ರ ಅದನ್ನೇ ಹಾರ್ಡ್ ಡಿಸ್ಕ್ ಎಂದು ನಂಬುತ್ತದೆ. ರಝಾಕ್ ಎಲ್ಲಿಂದಲೋ ಬೋರ್ಡು ತರಿಸಿದ. ಅದು ಬಂದಾಗ ನಡುಮಳೆಗಾಲದ ಆಟಿ ತಿಂಗಳು, ಕುಂಬ್ರದ ಪೇಟೆಯಲ್ಲಿ ಎದುರಿನ ಅಂಗಡಿ ಕಾಣದಷ್ಟು ಮಳೆ.

ಚಿಪ್ ಕೀಳುವ ದಿನ ನಾನು ಬೆಳಗ್ಗಿನ ತಿಂಡಿ ತಿನ್ನಲಿಲ್ಲ. ಅಷ್ಟು ವರ್ಷ ಒಂದೇ ಕಡೆ ಕೂತ ಚಿಪ್ಪಿನ ಕಾಲುಗಳು ತುಕ್ಕು ಹಿಡಿದಿರುತ್ತವೆ. ಒಂದು ಕಾಲು ಮುರಿದರೆ ಯಂತ್ರ ಸತ್ತ ಹಾಗೆ, ಯಂತ್ರ ಸತ್ತರೆ ದನಿಯೂ ಸತ್ತ ಹಾಗೆ. ಸ್ಕ್ರೂಡ್ರೈವರಿನ ತುದಿಯನ್ನು ಚಿಪ್ಪಿನ ಅಡಿಗೆ ತೂರಿಸಿದೆ. ತೆಗೆದೆ. ಮತ್ತೆ ತೂರಿಸಿದೆ.

"ಎಂತ ಮಾರಾಯ, ಅದು ಹಾವಾ? ಇಲ್ಲಿ ಕೊಡು" ಎಂದು ರಝಾಕ್ ಸ್ಕ್ರೂಡ್ರೈವರ್ ಕಿತ್ತುಕೊಂಡ. ಅವನೂ ಎರಡು ಸಲ ತೂರಿಸಿ ತೆಗೆದ. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. ಈ ಬದಿ ಒಂದಿಷ್ಟು, ಆ ಬದಿ ಒಂದಿಷ್ಟು ಎಬ್ಬಿಸುತ್ತ ಕೊನೆಗೆ 'ಟಕ್' ಎಂದಿತು. ಮುರಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಮುರಿದಿರಲಿಲ್ಲ, ಮೇಲೆ ಬಂದಿತ್ತು. ಸಂಜೆಯೊಳಗೆ ಹಾರ್ಡ್ ಡಿಸ್ಕಿನ ಹೆಸರು ಟಿವಿಯ ಮೇಲೆ ಮೂಡಿತು. ಅಷ್ಟು ಹಳೆಯ ಯಂತ್ರ, ಫ್ಲಾಪಿಯ ಹಂಗಿಲ್ಲದೆ ತಾನಾಗಿ ಎದ್ದು ಕೂತಿತು. ರಝಾಕ್ ನನ್ನ ಬೆನ್ನಿಗೆ ಗುದ್ದಿದ. ನನಗೆ ಅಳು ಬಂತು.

ಅವ್ವ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇದು ನಿನ್ನ ದನಿಗಾಗಿ ಎಂದು ಮೊದಲ ದಿನವೇ ಹೇಳಿದ್ದೆ. ಅವಳು ಕತ್ತಿನ ಬಟ್ಟೆಯನ್ನು ಅಂಗೈಯಿಂದ ಮುಚ್ಚಿ, ಬೇಡ ಎಂಬಂತೆ ತಲೆಯಾಡಿಸಿ ಒಳಗೆ ಹೋಗಿದ್ದಳು. "ಅತ್ತೆಗೆ ಅದನ್ನು ಕೇಳ್ಲಿಕ್ಕೇ ಹೆದ್ರಿಕೆ" ಎಂದಳು ನನ್ನ ಹೆಂಡತಿ ವೇದಾ. ಅವಳು ಕಡಬದ ಕಡೆಯವಳು, ನೇರ ಮಾತಿನವಳು. "ನೀವು ಕೇಳಿ ಸಮಾಧಾನ ಮಾಡ್ಕೊಳ್ತೀರಿ. ಅವರಿಗೆ ಮತ್ತೆ ಪುನಃ ಕಳ್ಕೊಂಡ ಹಾಗೆ ಆಗುದಿಲ್ವಾ?" ಆದರೂ ನಾನು ಬಿಡಲಿಲ್ಲ.

ಮೊದಲನೆಯ ಫ್ಲಾಪಿಯ ಕವಚ ಸೀಳಿ, ತಟ್ಟೆಯನ್ನು ಹೊರತೆಗೆದು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಬೂಸ್ಟು ಒರೆಸಿ, ಬೇರೊಂದು ಹೊಸ ಕವಚಕ್ಕೆ ಹಾಕಿದೆವು. ಯಂತ್ರಕ್ಕೆ ತೂರಿಸಿದೆವು. ಸ್ವಲ್ಪ ಹೊತ್ತು ಚೆನ್ನಾಗಿ ತಿರುಗಿತು. ಆಮೇಲೆ ಹಲ್ಲು ಕಡಿಯುವ ಸದ್ದು. ರಝಾಕ್ ಹಾರಿ ಹೊರತೆಗೆದ. ತಟ್ಟೆಯ ಮೇಲೆ ಬಳೆಯ ಹಾಗೆ ಒಂದು ಗೆರೆ, ಅದರ ಮೂಲಕ ಆಚೆಯ ಬೆಳಕು ಕಾಣುತ್ತಿತ್ತು. ಕಂದು ಲೇಪ ಕೆರೆದು ಹೋಗಿತ್ತು. ಲೇಪದಲ್ಲಿ ದನಿ ಇತ್ತು. ಹಾರ್ಡ್ ಡಿಸ್ಕಿಗೆ ಬಂದ ತುಂಡಿನಲ್ಲಿ ಬರೀ ಗರಗರ.

ಎರಡನೆಯದು ತಿರುಗಲೇ ಇಲ್ಲ. ತಟ್ಟೆ ಅಂಟು ಅಂಟಾಗಿತ್ತು. ನಾವು ಬಲವಂತ ಮಾಡಿದೆವು, ಅದು ಹರಿಯಿತು.

ಮೂರನೆಯದನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಮಳೆಯ ತೇವ ಇರುವಾಗ ಬೇಡ, ಒಣಗಲಿ ಎಂದು ರಝಾಕನೂ ಹೇಳಿದ. ಕೋಳಿಮರಿಗಳಿಗೆ ಬಿಸಿಯಾಗಲೆಂದು ಪೆಟ್ಟಿಗೆಯಲ್ಲಿ ಬಲ್ಬ್ ಹಾಕಿ ಇಡುತ್ತೇವಲ್ಲ, ಅಂಥದೊಂದು ಪೆಟ್ಟಿಗೆ ಮಾಡಿ ಫ್ಲಾಪಿಯನ್ನು ಅದರಲ್ಲಿಟ್ಟೆ. ವಾರಗಟ್ಟಲೆ ಅಂಗಡಿಯ ಕೆಲಸದ ನಡುವೆ ಓಡಿಬಂದು ಪೆಟ್ಟಿಗೆಗೆ ಕೈಹಾಕಿ ನೋಡುತ್ತಿದ್ದೆ. ಹೆಚ್ಚು ಬಿಸಿಯಾಯಿತೇ, ಬಲ್ಬ್ ಹೋಯಿತೇ, ಇರುವೆ ಬಂತೇ. ಒಂದು ಬೆಳಗ್ಗೆ ಹೋದರೆ ಅವ್ವ ನನಗಿಂತ ಮೊದಲೇ ಬಂದು ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡುತ್ತಿದ್ದಳು. ನನ್ನನ್ನು ಕಂಡು ಮುಚ್ಚಳ ಹಾಕಿ, ಏನೂ ಅರಿಯದವಳ ಹಾಗೆ ಹೂ ಕೊಯ್ಯಲು ಹೋದಳು. ಅವಳಿಗೂ ಅದು ಬೇಕು ಎಂದು ನನಗೆ ಗೊತ್ತಾದದ್ದು ಅವತ್ತು. ಅದರಿಂದ ನನ್ನ ಹೆದರಿಕೆ ಇಮ್ಮಡಿಯಾಯಿತು.

ನವರಾತ್ರಿಯ ಹೊತ್ತಿಗೆ ಮಳೆ ನಿಂತು ಬಿಸಿಲು ಬಂತು. ಬಿಸಿಲಿನ ಜೊತೆ ಸಂಜೆಯ ಗುಡುಗೂ ಬಂತು, ಅದು ಆ ದಿನಗಳ ಪದ್ಧತಿ. ರಝಾಕ್ ಮಧ್ಯಾಹ್ನವೇ ಬಂದ. ನಾನು ಇನ್ವರ್ಟರನ್ನು ಲೈನಿನಿಂದ ಪೂರ್ತಿ ಬಿಡಿಸಿ, ಬರೀ ಬ್ಯಾಟರಿಯಲ್ಲಿ ಟಿವಿಯನ್ನೂ ಯಂತ್ರವನ್ನೂ ನಡೆಸಲು ಏರ್ಪಾಡು ಮಾಡಿದ್ದೆ. ಲೈನಿಗೆ ಸಿಡಿಲು ಹೊಡೆದರೂ ಇದಕ್ಕೆ ಬರಬಾರದು. "ಹೆದ್ರಿಕೆಯಲ್ಲಿ ನಿನ್ನನ್ನು ಮೀರಿಸುವವರಿಲ್ಲ" ಎಂದು ರಝಾಕ್ ನಕ್ಕ. ನಗು ಅಲ್ಲಿಗೆ ಮುಗಿಯಿತು. ತಟ್ಟೆಯನ್ನು ಒರೆಸಿ, ಕವಚಕ್ಕೆ ಹಾಕಿ, ಯಂತ್ರಕ್ಕೆ ಕೊಟ್ಟೆವು.

ತಿರುಗಿತು. ಫ್ಲಾಪಿಯ ಹಸಿರು ದೀಪ, ಹಾರ್ಡ್ ಡಿಸ್ಕಿನ ಕೆಂಪು ದೀಪ, ಒಂದಾದ ಮೇಲೊಂದು ಮಿನುಗಿದವು. ಓದುತ್ತಿದೆ, ಬರೆಯುತ್ತಿದೆ. ಕೆರೆಯುವ ಸದ್ದು ಇಲ್ಲ. ರಝಾಕ್ ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ನಾನು ದೀಪಗಳ ಮಿನುಗನ್ನು ಎಣಿಸುತ್ತಿದ್ದೆ. ದೂರದಲ್ಲಿ, ಕೇರಳದ ಕಡೆಯಲ್ಲಿ, ಗುಡುಗಿತು. ಬ್ಯಾಟರಿಯಲ್ಲಿದೆ, ಭಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಗುಡುಗು ಹತ್ತಿರ ಬಂತು. ಆಗ ಟಿವಿ ಕಪ್ಪಾಯಿತು. ಹಸಿರು ಹೋಯಿತು, ಕೆಂಪು ಹೋಯಿತು, ಫ್ಲಾಪಿ ನರಳಿ ನಿಂತಿತು.

ತಿರುಗಿ ನೋಡಿದೆ. ಅವ್ವ ಗೋಡೆಯ ಬದಿಯಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಇನ್ವರ್ಟರಿನಿಂದ ಕಿತ್ತ ಪ್ಲಗ್ಗು ಇತ್ತು.

"ಎಂತ ಮಾಡ್ದೆ ಅವ್ವಾ ನೀನು!" ಎಂದು ಕಿರುಚಿದೆ. ಜೀವಮಾನದಲ್ಲಿ ಅವಳ ಮೇಲೆ ಹಾಗೆ ಕಿರುಚಿದವನಲ್ಲ. ಅವ್ವ ಆಕಾಶದ ಕಡೆ ಕೈ ತೋರಿಸಿದಳು. ಆಮೇಲೆ ನನ್ನ ಕಡೆ ತೋರಿಸಿದಳು. ಓಡಿ ಬಂದದ್ದರಿಂದ ಕತ್ತಿನ ಬಟ್ಟೆ ಉಸಿರಿಗೆ ಏಳುತ್ತ ಬೀಳುತ್ತ ಇತ್ತು. ನಾನು ಇನ್ನೇನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೋಣೆಯೆಲ್ಲ ಬೆಳ್ಳಗಾಯಿತು. ಹಿತ್ತಲಿನ ಆಚೆಯ ತೆಂಗಿನ ಮರಕ್ಕೆ ಸಿಡಿಲು ಬಡಿದಿತ್ತು. ಗೋಡೆಯಲ್ಲಿದ್ದ ಲೈನಿನ ಖಾಲಿ ಸಾಕೆಟ್ಟಿನಿಂದ ನೀಲಿ ಕಿಡಿ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಕಿವಿ ಗುಂಯ್ ಎಂದಿತು. ಅವ್ವ ನನ್ನ ತೋಳನ್ನು ಹಿಡಿದುಕೊಂಡಳು, ಆ ಹಿಡಿತ ಸಡಿಲಾಗಲು ತುಂಬ ಹೊತ್ತು ಬೇಕಾಯಿತು.

ಒಳಗೆ ಹೋಗಿ ನೋಡಿದರೆ ಫ್ರಿಜ್ಜಿನ ವಯರ್ ನೆಲದಲ್ಲಿತ್ತು. ಮಿಕ್ಸಿಯದ್ದು, ಮೋಡೆಮಿನದ್ದು, ನೀರಿನ ಪಂಪಿನದ್ದು, ಎಲ್ಲವೂ ನೆಲದಲ್ಲಿ. ಒಂದೊಂದೇ ಕಿತ್ತುಕೊಂಡು ಮನೆಯಿಡೀ ಓಡಿ ಕೊನೆಗೆ ನನ್ನಲ್ಲಿಗೆ ಬಂದಿದ್ದಾಳೆ. ಬ್ಯಾಟರಿಯ ವಿಷಯ ಅವಳಿಗೆ ಗೊತ್ತಿಲ್ಲ, ಹೇಳಬೇಕೆಂದು ನಮಗೆ ಯಾರಿಗೂ ತೋಚಿರಲಿಲ್ಲ. ದನಿ ಇದ್ದಿದ್ದರೆ ಜಗಲಿಯಿಂದ ಒಂದು ಸಲ ಕೂಗುತ್ತಿದ್ದಳು. ನಾನು ಒಳಗಿನಿಂದ 'ಇದು ಬ್ಯಾಟರಿ ಅವ್ವಾ' ಎನ್ನುತ್ತಿದ್ದೆ. ಅಷ್ಟೇ ಆಗುತ್ತಿತ್ತು. ಕೂಗಲು ಆಗದ್ದಕ್ಕೆ ಓಡಿಬಂದಳು. ಇದು ಹೊಳೆದಾಗ ನನಗಾದ ಸಂಕಟವನ್ನು ಹೇಳಲು ಬರುವುದಿಲ್ಲ.

ಫ್ಲಾಪಿಯನ್ನು ಮತ್ತೆ ತಿರುಗಿಸಿ ನೋಡಿದೆವು. ಲೇಪವೆಲ್ಲ ಎದ್ದು ಬಂತು. ಹಾರ್ಡ್ ಡಿಸ್ಕನ್ನು ನೋಡಿದೆವು. ಖಾಲಿ ಎಂದು ತೋರಿಸಿತು. ಬರೆಯುವಾಗ ಕರೆಂಟು ಹೋದರೆ ಡಿಸ್ಕಿಗೆ ತಾನು ಎಲ್ಲಿ ಏನಿಟ್ಟೆ ಎಂಬುದೇ ಮರೆತುಹೋಗುತ್ತದಂತೆ. "ಮರ್ತದ್ದು ಹೌದು, ಇಲ್ಲ ಅಂತ ಅಲ್ಲ" ಎಂದು ರಝಾಕ್ ಕಾರ್ಡನ್ನು ಕಿಸೆಯಲ್ಲಿಟ್ಟು ಈಶ್ವರಮಂಗಲಕ್ಕೆ ಹೋದ. ದಿನಗಳು ಹೋದವು. ಅವ್ವ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಳು. ತಾನೇ ತನ್ನ ದನಿಯನ್ನು ಕಿತ್ತೆ ಎಂದು ವೇದಾಳಿಗೆ ಕೈಸನ್ನೆಯಲ್ಲಿ ಹೇಳಿ ಅತ್ತಳಂತೆ. ಅನ್ನ ಕಲಸಿ ಹಾಗೆಯೇ ಬಿಟ್ಟು ಏಳುತ್ತಿದ್ದಳು. ಹೋಗಲಿ ಬಿಡು ಅವ್ವಾ ಎಂದರೆ ಇನ್ನಷ್ಟು ಕುಗ್ಗುತ್ತಿದ್ದಳು. ಈ ಕೊರಗಿನಲ್ಲಿ ಕಾಯಿಲೆ ಮರುಕಳಿಸಿದರೆ ಎಂಬ ಹೊಸ ಭಯ ನನ್ನನ್ನು ಹಿಡಿಯಿತು.

ರಝಾಕ್ ಒಂದು ಸಂಜೆ ಹೇಳದೆ ಕೇಳದೆ ಬಂದ. "ಹಾಡು ಇಲ್ಲ ಲೋಕು" ಎಂದ. "ಚೂರು ಸಿಕ್ಕಿದೆ. ಅದು ಎಂತ ಅಂತ ನಂಗೆ ಗೊತ್ತಾಯ್ತು, ಆದ್ರೆ ನಾನು ಹೇಳುದಿಲ್ಲ. ಅವ್ವನನ್ನು ಕರಿ."

ಅವ್ವ ಬಂದು ಮಣೆಯ ಮೇಲೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನನಗೆ ಓಡಿಹೋಗೋಣ ಎನಿಸಿತು. ರಝಾಕ್ ಮೊಬೈಲಿನ ಗುಂಡಿ ಒತ್ತಿದ.

ಮೊದಲು ಸ್ಸ್ ಎಂಬ ಸದ್ದು. ಬಳೆಗಳ ಸದ್ದು. ಆಮೇಲೆ ಒಬ್ಬಳು ಗಂಟಲು ಸರಿಮಾಡಿಕೊಂಡಳು. "ಸುರು ಮಾಡ್ಲಾ?" ಎಂದಳು. ನಾಚಿಕೆಯ, ನಗು ತುಂಬಿದ ದನಿ. ಒಂದು ಉಸಿರು ಎಳೆದುಕೊಂಡಳು, ಹಾಡಿನ ಮೊದಲ ಅಕ್ಷರ ಬಾಯಿಗೆ ಬಂತು. ಹಿಂದೆ ಎಲ್ಲೋ ದಡದಡ. ಆಮೇಲೆ ನಮ್ಮ ಅರೆಭಾಷೆಯಲ್ಲಿ, ಮಂಡೆಕೋಲಿನ ಅಂಗಳದಿಂದ ಕೇರಳದವರೆಗೆ ಕೇಳುತ್ತಿದ್ದ ಅದೇ ಕೂಗು:

"ಗುಡುಗು ಬಾತ್, ವಯರ್ ತೆಗಿ ಮಗಾ! ಬೇಗ ತೆಗಿ!"

ಅಲ್ಲಿಗೆ ಮುಗಿಯಿತು. ಆಗ ನೆನಪಾಯಿತು. ಅವತ್ತು ಮೂರನೆಯ ಫ್ಲಾಪಿಗೆ ಹಾಡು ಹಿಡಿಯಲಾಗಲೇ ಇಲ್ಲ, ಗುಡುಗು ಬಂದಿತ್ತು. ನಾನು ವಯರ್ ತೆಗೆಯುವ ಮೊದಲು ಹಟ ಹಿಡಿದು ಅಷ್ಟನ್ನೇ ಫ್ಲಾಪಿಗೆ ತುಂಬಿಸಿ ಅವ್ವನ ಕೈಯಿಂದ ತಲೆಗೆ ಮೊಟಕಿಸಿಕೊಂಡಿದ್ದೆ.

ಅವ್ವ ಕಿಟಕಿಯ ಹೊರಗೆ ಆಕಾಶ ನೋಡಿದಳು. ಆಕಾಶ ತಿಳಿಯಾಗಿತ್ತು. ಆಮೇಲೆ ಅವಳ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾಳೆ ಎಂದು ಹೆದರಿ ಎದ್ದೆ. ಅಳುತ್ತಿರಲಿಲ್ಲ. ದನಿಯಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನನ್ನ ತಲೆಗೆ ಒಂದು ಮೊಟಕಿದಳು. ಮೊಬೈಲಿನ ಕಡೆ ಬೆರಳು ತೋರಿಸಿದಳು, ಇನ್ನೊಂದು ಸಲ. ಮತ್ತೆ ಇನ್ನೊಂದು ಸಲ. ವೇದಾ ಅಡಿಗೆ ಕೋಣೆಯಿಂದ ಓಡಿಬಂದಳು. "ಫ್ರಿಜ್ಜಿನ ವಯರ್ ತೆಗ್ದೆ, ಗುಡುಗು ಎಲ್ಲಿ ಉಂಟು?" ಎಂದು ಕೇಳಿ, ನಮ್ಮ ಮುಖಗಳನ್ನು ನೋಡಿ, ಆಮೇಲೆ ಅವ್ವನ ಮುಖ ನೋಡಿ ಅಲ್ಲೇ ಕೂತುಬಿಟ್ಟಳು.

ಇಷ್ಟೆಲ್ಲ ಮೊನ್ನೆ ಲ್ಯಾಬಿನಲ್ಲಿ ಒಂದು ತುಣುಕು ಹತ್ತಿಯ ವಾಸನೆಗೆ ನೆನಪಾಯಿತು. ರಕ್ತ ಕೊಟ್ಟು ರಿಪೋರ್ಟಿಗಾಗಿ ಹೊರಗೆ ಕೂತೆವು. ಕಾಯಿಲೆ ಮತ್ತೆ ಬಂದಿದೆಯೇ ಎಂದು ನೋಡುವ ಪರೀಕ್ಷೆ ಅದು. ಗೋಡೆಯಲ್ಲಿ ಟಿವಿ ಓಡುತ್ತಿತ್ತು, ಜನ ತಲೆಯೆತ್ತಿ ನೋಡುತ್ತಿದ್ದರು. ಹೊರಗೆ ಮೋಡ ಕಟ್ಟಿತ್ತು. ದೂರದಲ್ಲಿ ಗುಡುಗಿತು.

ಅವ್ವ ಗಡಿಬಿಡಿಯಿಲ್ಲದೆ ಚೀಲದಿಂದ ಮೊಬೈಲ್ ತೆಗೆದಳು, ಎತ್ತಿ ಹಿಡಿದಳು, ಒತ್ತಿದಳು. ಆ ಕೂಗಿಗೆ ಕೂತವರೆಲ್ಲ ಬೆಚ್ಚಿದರು. ನರ್ಸ್ ಒಳಗಿನಿಂದ ಧಾವಿಸಿ ಬಂದಳು.

"ಯಾರು ಅದು ಕೂಗಿದ್ದು?"

"ನಮ್ಮ ಅವ್ವ" ಎಂದೆ.

ನರ್ಸ್ ಅವ್ವನನ್ನು ನೋಡಿದಳು. ಅವ್ವ ಟಿವಿಯ ಕಡೆ ಬೆರಳು ತೋರಿಸಿದಳು. ನರ್ಸ್ ಮರುಮಾತಾಡದೆ ಹೋಗಿ ಅದರ ವಯರ್ ತೆಗೆದಳು.